ನೀರು ಕಾದವೇನು?

ಬೀದರಿನಲ್ಲಿ ಚಳಿ ಇದೆ ಎಂದರೆ ಬೆಂಗಳೂರು, ಮೈಸೂರಿನ ಕಡೆಯವರು ನಂಬುವುದಿಲ್ಲ. ಅವರ ಲೆಕ್ಕದಲ್ಲಿ ರಾಯಚೂರು, ಕಲಬುರಗಿ, ಬೀದರ್ ಎಲ್ಲವೂ ಒಂದೇ ಹಂಚಿನ ಮೇಲಿನ ರೊಟ್ಟಿಗಳು. ನಮ್ಮೂರು ಎರಡು ಸಾವಿರ ಅಡಿಗೂ ಎತ್ತರದ ಕೆಂಪುಕಲ್ಲಿನ ದಿಬ್ಬದ ಮೇಲಿದೆ, ಎಳ್ಳಮಾವಾಸ್ಯೆಯ ಹೊತ್ತಿಗೆ ಇಲ್ಲಿ ಉಷ್ಣಾಂಶ ಹತ್ತು ಡಿಗ್ರಿಗಿಂತ ಕೆಳಗೆ ಇಳಿಯುವುದೂ ಉಂಟು, ರಾಜ್ಯದ ಅತಿ ತಣ್ಣನೆಯ ಊರೆಂದು ಪತ್ರಿಕೆಯ ಮೂಲೆಯಲ್ಲಿ ನಮ್ಮ ಹೆಸರು ಬರುತ್ತದೆ ಎಂದೆಲ್ಲ ವಿವರಿಸಿದರೂ ಅವರ ಮುಖದಲ್ಲಿ ಅನುಮಾನ ಉಳಿದೇ ಇರುತ್ತದೆ. ಅಂಥವರನ್ನು ಡಿಸೆಂಬರಿನಲ್ಲಿ ಒಮ್ಮೆ ಮನೆಗೆ ಕರೆಸಿ, ಬೆಳಗಿನ ಐದು ಗಂಟೆಗೆ ಮಾಳಿಗೆಯ ಮೇಲಿನ ಟ್ಯಾಂಕಿಯ ನೀರಿನಲ್ಲಿ ಮುಖ ತೊಳೆಯಲು ಬಿಡಬೇಕು. ಆಮೇಲೆ ಅವರೂ ನಮ್ಮಂತೆಯೇ ಕೇಳುತ್ತಾರೆ: ನೀರು ಕಾದವೇನು?

ಈ ಪ್ರಶ್ನೆಯನ್ನು ಕೇಳುವವರು ಒಬ್ಬರು, ಉತ್ತರ ಹೇಳುವವರು ಇನ್ನೊಬ್ಬರು. ಉತ್ತರ ಹೇಳುವವರು ಯಾರೆಂದು ಹೆಣ್ಣುಮಕ್ಕಳಾದ ನಿಮಗೆ ನಾನು ಬೇರೆ ಹೇಳಬೇಕಾಗಿಲ್ಲ.

ನನ್ನ ತವರು ಔರಾದ. ನಾನು ಚಿಕ್ಕವಳಿದ್ದಾಗ ನಮ್ಮ ಬಚ್ಚಲಲ್ಲಿ ಹುಗಿದ ಒಲೆಯ ಮೇಲೆ ದೊಡ್ಡ ತಾಮ್ರದ ಹಂಡೆ ಇತ್ತು. ನಸುಕಿನ ನಾಲ್ಕು ಗಂಟೆಗೆ ಅವ್ವ ಎದ್ದು ತೊಗರಿ ಕಟ್ಟಿಗೆ ಒಟ್ಟಿ ಬೆಂಕಿ ಹಚ್ಚುತ್ತಿದ್ದಳು. ತೊಗರಿ ಕಟ್ಟಿಗೆಯ ಗುಣ ನಮ್ಮ ಕಡೆಯ ಎಲ್ಲರಿಗೂ ಗೊತ್ತು. ಹುಲ್ಲಿನಂತೆ ಭಗ್ಗನೆ ಹತ್ತಿಕೊಳ್ಳುತ್ತದೆ, ಅಷ್ಟೇ ಬೇಗ ಆರುತ್ತದೆ. ಅದರ ಮುಂದೆ ಒಬ್ಬರು ಕೂತೇ ಇರಬೇಕು. ಉರಿ ಹೆಚ್ಚಾದರೆ ಒಂದು ಕಟ್ಟಿಗೆ ಹಿಂದೆ ಸರಿಸಬೇಕು, ಕಡಿಮೆಯಾದರೆ ಎರಡು ಮುಂದೆ ದೂಡಬೇಕು. ನಡುನಡುವೆ ಅವ್ವ ಹಂಡೆಯಲ್ಲಿ ನಾಲ್ಕು ಬೆರಳು ಅದ್ದಿ ನೋಡುತ್ತಿದ್ದಳು. ಅಪ್ಪನಿಗೆ ಬೇಕಾಗುವ ಬಿಸಿ ಬೇರೆ, ಅಜ್ಜನದು ಬೇರೆ, ಬಾಣಂತಿ ಇದ್ದರೆ ಅದು ಮತ್ತೂ ಬೇರೆ. ಇಷ್ಟೆಲ್ಲ ಆ ನಾಲ್ಕು ಬೆರಳಿಗೆ ನೆನಪಿರುತ್ತಿತ್ತು. ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಆ ಹಂಡೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟಿ ಎಳೆದು, ಕೊರಳಿಗೆ ಹೂವಿನ ದಂಡೆ ಕಟ್ಟುತ್ತಿದ್ದೆವು. ವರ್ಷವಿಡೀ ಬೆಂಕಿಯ ಮುಂದೆ ಕೂತವಳಿಗೆ ಅಂಥ ದಂಡೆ ಯಾರೂ ಹಾಕಿದ್ದು ನನಗೆ ನೆನಪಿಲ್ಲ.

ಮದುವೆಯಾಗಿ ಭಾಲ್ಕಿಗೆ ಬಂದೆ. ಅಲ್ಲಿ ಹಂಡೆಯಲ್ಲ, ಬಂಬ. ಗಡಿ ಭಾಗದ ಮನೆಗಳಲ್ಲಿ ಇದ್ದ ಆ ತಾಮ್ರದ ಕೊಳವೆಯೊಲೆ ನೋಡದವರಿಗಾಗಿ ಹೇಳುತ್ತೇನೆ: ದುಂಡನೆಯ ತಾಮ್ರದ ಪಾತ್ರೆ, ಅದರ ನಟ್ಟನಡುವೆ ಮೇಲಿಂದ ಕೆಳಗಿನವರೆಗೆ ಒಂದು ಕೊಳವೆ. ಕೊಳವೆಯೊಳಗೆ ಕೆಂಡ, ಸುತ್ತಲೂ ನೀರು, ಕೆಳಗೆ ಬೂದಿ ಬೀಳಲು ಜಾಳಿಗೆ, ಪಕ್ಕದಲ್ಲಿ ಹಿತ್ತಾಳೆಯ ನಲ್ಲಿ. ಮೇಲಿನಿಂದ ಒಂದು ತಂಬಿಗೆ ತಣ್ಣೀರು ಸುರಿದರೆ ನಲ್ಲಿಯಿಂದ ಒಂದು ತಂಬಿಗೆ ಬಿಸಿನೀರು ಬರುವ ಈ ಏರ್ಪಾಟು ಕಂಡು ಹೊಸ ಮದುಮಗಳಾದ ನಾನು ಬೆರಗಾಗಿದ್ದೆ. ನನ್ನ ಅತ್ತೆಯವರು ಬಂಬದ ಸದ್ದಿನ ಮೇಲೆಯೇ ನೀರಿನ ಹದ ಹೇಳುತ್ತಿದ್ದರು. “ಗುಣುಗುಣು ಅಂದ್ರ ಗಂಡಸರಿಗಿ, ಸುಂಯ್ ಅಂದ್ರ ಅರಿವಿಗಿ” ಎನ್ನುವುದು ಅವರ ಸೂತ್ರ. ಅರಿವೆ ಎಂದರೆ ಬಟ್ಟೆ, ಕುದಿನೀರಿನಲ್ಲಿ ನೆನೆಹಾಕುವ ಹಾಸಿಗೆಯ ಬಟ್ಟೆ.

ಬಿಸಿನೀರಿನ ವೈಭವ ನೋಡಬೇಕೆಂದರೆ ನಮ್ಮ ಕೋಟೆಗೆ ಬರಬೇಕು. ಬಹಮನಿ ಸುಲ್ತಾನರ ಕಾಲದ ಶಾಹಿ ಹಮಾಮಿನಲ್ಲೇ ಈಗ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯ ಇದೆ. ರಾಜರು ಜಳಕ ಮಾಡಿದ ಕೋಣೆಗಳಲ್ಲಿ ಶಾಸನ, ಶಿಲ್ಪ, ಹಳೆಯ ಆಯುಧಗಳು ಕೂತಿವೆ. ಸಮಾಜ ವಿಜ್ಞಾನದ ಶಿಕ್ಷಕಿಯಾಗಿ ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಆಳಿದವರ ಹೆಸರುಗಳನ್ನು ಮಕ್ಕಳು ಬರೆದುಕೊಳ್ಳುತ್ತವೆ. ಆ ಹಮಾಮಿಗೆ ನಸುಕಿನಲ್ಲಿ ಎದ್ದು ನೀರು ಕಾಯಿಸಿದವರ ಹೆಸರು ಮಾತ್ರ ಯಾವ ಫಲಕದಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಕಟ್ಟಿಗೆ ಹಿಂದೆ ಮುಂದೆ ಸರಿಸುವ ಅವ್ವನ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದವರಲ್ಲಿ ಒಬ್ಬ ನಮ್ಮಂಥ ಶಾಲಾ ಮಾಸ್ತರ ಎಂಬುದು ತಿಳಿದಾಗ ನನಗೆ ಬಹಳ ಸಂತೋಷವಾಯಿತು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್ ಎಂಬ ಊರಿನಲ್ಲಿ, ಶಿಕ್ಷಕರನ್ನು ತಯಾರು ಮಾಡುವ ಶಾಲೆಯೊಂದರಲ್ಲಿ, ವಾರನ್ ಜಾನ್ಸನ್ ಎಂಬವರು ಪಾಠ ಹೇಳುತ್ತಿದ್ದರು. ಅಲ್ಲಿಯ ಚಳಿಗೆ ಕಟ್ಟಡದ ನೆಲಮಾಳಿಗೆಯಲ್ಲಿ ದೊಡ್ಡ ಒಲೆ ಉರಿಯುತ್ತಿತ್ತು. ಯಾವ ತರಗತಿ ಎಷ್ಟು ಬೆಚ್ಚಗಿದೆ ಎಂದು ನೋಡಲು ಜವಾನ ಹೊತ್ತುಹೊತ್ತಿಗೆ ಒಳಗೆ ಬಂದು ಹೋಗುತ್ತಿದ್ದ. ಪಾಠದ ನಡುವೆ ಬಾಗಿಲು ತೆರೆದು ಯಾರಾದರೂ ಬಂದರೆ ಏನಾಗುತ್ತದೆಂದು ಶಿಕ್ಷಕರಿಗೇ ಗೊತ್ತು. ಆಮೇಲೆ ಆ ಮಕ್ಕಳನ್ನು ಮತ್ತೆ ಪಾಠಕ್ಕೆ ತರಲು ಹತ್ತು ನಿಮಿಷ ಬೇಕು. ಜಾನ್ಸನ್ ಮಾಸ್ತರರು ಒಂದು ಉಪಾಯ ಹುಡುಕಿ 1883ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಎರಡು ಬೇರೆ ಬೇರೆ ಲೋಹದ ಪಟ್ಟಿಗಳನ್ನು ಒಂದಕ್ಕೊಂದು ಬೆಸೆದರೆ, ಬಿಸಿಯಾದಾಗ ಒಂದು ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಿಮೆ ಹಿಗ್ಗುತ್ತದೆ. ಹಾಗಾಗಿ ಜೋಡಿ ಪಟ್ಟಿ ಬಾಗುತ್ತದೆ. ಆ ಬಾಗುವಿಕೆಯಿಂದ ವಿದ್ಯುತ್ತಿನ ತಂತಿ ಕೂಡುವಂತೆ ಮಾಡಿ, ನೆಲಮಾಳಿಗೆಯಲ್ಲಿ ಗಂಟೆ ಬಾರಿಸಿದರು. ಗಂಟೆ ಕೇಳಿ ಒಲೆಯ ಆಳು ಎದ್ದು ಗಾಳಿಯ ತೆರಪನ್ನು ತೆಗೆಯಬೇಕು ಅಥವಾ ಮುಚ್ಚಬೇಕು. ಅಂದರೆ ಆ ಯಂತ್ರವೂ ಮೊದಮೊದಲು “ನೀರು ಕಾದವೇನು” ಎಂದು ಕೂಗುವ ಕೆಲಸವನ್ನಷ್ಟೇ ಮಾಡಿತು. ಏಳಬೇಕಾದವರು ಎದ್ದೇ ಏಳಬೇಕಾಗಿತ್ತು.

ಬೀದರಿನಲ್ಲಿ ನಾವು ಸ್ವಂತ ಮನೆ ಕಟ್ಟಿಸಿದ್ದು 2007ರಲ್ಲಿ. ಆಗ ಬಚ್ಚಲಿಗೆ ಹದಿನೈದು ಲೀಟರಿನ ಗೀಸರ್ ಬಂತು. ಭಾಲ್ಕಿಯ ಬಂಬವನ್ನು ಅತ್ತೆಯವರು ಮಾರಲು ಬಿಡಲಿಲ್ಲ, ಅದು ಈಗಲೂ ಅಟ್ಟದ ಮೇಲಿದೆ. ಗೀಸರಿನ ಹೊಟ್ಟೆಯ ಕೆಳಗೆ ಒಂದು ಸಣ್ಣ ಗುಂಡಿ. ಅದನ್ನು ತಿರುಗಿಸಿ ಒಮ್ಮೆ ಬಿಸಿಯ ಅಳತೆ ಇಟ್ಟರೆ ಮುಗಿಯಿತು. ಹದಿನೇಳು ವರ್ಷ ಅದು ಒಂದು ಮಾತಾಡದೆ ದುಡಿಯಿತು. 2024ರ ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ನಲ್ಲಿ ತಿರುಗಿಸಿದರೆ ನೀರಿನ ಬದಲು ಹಬೆ ಬಂತು, ಒಳಗಿನಿಂದ ಅತ್ತೆಯವರ ಬಂಬದ ‘ಸುಂಯ್’ ಸದ್ದು ಕೇಳಿಸಿತು. ನಾನು ಹೊರಗಿನ ಸ್ವಿಚ್ ಆರಿಸಿದೆ.

“ಅರಿವಿಗಿ ಬಂದಾವ ನೋಡು” ಎಂದರು ಎಂಬತ್ತನಾಲ್ಕರ ಅತ್ತೆ, ಹಾಸಿಗೆಯಿಂದಲೇ.

ಮೂರು ದಿನ ಗ್ಯಾಸಿನ ಒಲೆಯ ಮೇಲೆ ನೀರು ಕಾಯಿಸಿ ಹೊತ್ತೆ. ಆ ಸಂಗತಿ ಪುಣೆಯಲ್ಲಿರುವ ಮಗನಿಗೆ ತಿಳಿಯಿತು. ಅದೇ ವಾರ ಮಿನ್ನಿಯಾಪೊಲಿಸ್‌ನಲ್ಲಿರುವ ನನ್ನ ತಮ್ಮನ ಮಗಳು ತನ್ನ ಮನೆಯ ಗೋಡೆಯ ಮೇಲಿನ ಹಳೆಯ ಥರ್ಮೋಸ್ಟಾಟ್ ಕಿತ್ತು ಹೊಸ ಸ್ಮಾರ್ಟ್ ಥರ್ಮೋಸ್ಟಾಟ್ ಕೂರಿಸುವುದನ್ನು ವಿಡಿಯೋ ಕರೆ ಮಾಡಿ ನಮಗೆಲ್ಲ ತೋರಿಸಿದ್ದಳು. ಔರಾದದ ಹುಡುಗಿ, ಗಂಡನನ್ನು ಪಕ್ಕಕ್ಕೆ ನಿಲ್ಲಿಸಿ ತಾನೇ ಸ್ಕ್ರೂಡ್ರೈವರ್ ಹಿಡಿದಿದ್ದು ಕಂಡು ನನಗೆ ಹೆಮ್ಮೆಯೇ ಆಯಿತು. ಮೊದಲು ಮನೆಯ ಬ್ರೇಕರ್ ಇಳಿಸಿದಳು. ಹಳೆಯದರ ಮುಚ್ಚಳ ತೆಗೆದು, ಯಾವ ತಂತಿ ಯಾವ ಅಕ್ಷರದ ಕೆಳಗಿದೆ ಎಂದು ಫೋಟೋ ಹೊಡೆದುಕೊಂಡಳು. ಒಂದೊಂದು ತಂತಿಗೂ ಚೀಟಿ ಅಂಟಿಸಿದಳು. ಅಲ್ಲಿಯ ಆ ತಂತಿಗಳಲ್ಲಿ ಹರಿಯುವುದು ಸಾಮಾನ್ಯವಾಗಿ 24 ವೋಲ್ಟ್ ಮಾತ್ರ, ನಮ್ಮ 230 ವೋಲ್ಟ್ ಅಲ್ಲ. ಹಳೆಯದು ಬರೀ ಕೂಡಿಸುವ ಬಿಡಿಸುವ ಕೆಲಸ ಮಾಡುತ್ತಿತ್ತು, ಅದಕ್ಕೆ ಸ್ವಂತ ಊಟ ಬೇಕಿರಲಿಲ್ಲ. ಹೊಸದಕ್ಕೆ ಪರದೆ, ವೈಫೈ ಎಲ್ಲ ಇರುವುದರಿಂದ ಅದು ಯಾವಾಗಲೂ ಎಚ್ಚರವಾಗಿರಬೇಕು. ಹಾಗಾಗಿ ಕರೆಂಟು ಹಿಂದಿರುಗಲು ಇನ್ನೊಂದು ತಂತಿ ಬೇಕು, ಅದಕ್ಕೆ ಸಿ ವೈರ್ ಎನ್ನುತ್ತಾರೆ. ಅವಳ ಹಳೆಯ ಮನೆಯಲ್ಲಿ ಅದು ಗೋಡೆಯೊಳಗೆ ಸುತ್ತಿಕೊಂಡು ಉಪಯೋಗವಿಲ್ಲದೆ ಬಿದ್ದಿತ್ತು. ಎಳೆದು ಜೋಡಿಸಿದಳು. ಮುಕ್ಕಾಲು ಗಂಟೆಯ ಕೆಲಸ.

ಇದನ್ನು ನೋಡಿದ ನನ್ನ ಮಗ ಸುಮ್ಮನಿರಬೇಕಲ್ಲ! “ಮಮ್ಮಿ, ನಮ್ಮ ಗೀಸರಿಗೂ ಸ್ಮಾರ್ಟ್ ಮಾಡ್ತೀನಿ. ನೀವು ಏಳೋದೇ ಬ್ಯಾಡ. ಇಲ್ಲಿಂದಲೇ ಆನ್ ಮಾಡ್ತೀನಿ” ಎಂದು ಒಂದು ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದಾದ ಡಬ್ಬಿಯನ್ನು ಪಾರ್ಸೆಲ್ ಕಳಿಸಿದ.

ಎಲೆಕ್ಟ್ರಿಷಿಯನ್ ಎಂದು ಬಂದವನು ನನ್ನ ಹಳೆಯ ವಿದ್ಯಾರ್ಥಿ. ಎಂಟನೆಯ ತರಗತಿಯಲ್ಲಿ ಕನ್ನಡ ವ್ಯಾಕರಣವೆಂದರೆ ಕಿಟಕಿಯಾಚೆ ನೋಡುತ್ತಿದ್ದವನು, ಐಟಿಐ ಮುಗಿಸಿ ಈಗ ಬೀದರಿನ ಅರ್ಧ ಬಡಾವಣೆಗಳಿಗೆ ಬೇಕಾದವನಾಗಿದ್ದಾನೆ. ಸಂಧಿ ಸಮಾಸ ಅವನಿಗೆ ಎಂದೂ ಹತ್ತಲಿಲ್ಲ. ವೈರು ಕೂಡಿಸುವುದು ಮಾತ್ರ ಅವನಷ್ಟು ಅಚ್ಚುಕಟ್ಟಾಗಿ ಬೇರೆಯವರಿಗೆ ಬರುವುದಿಲ್ಲ. ಅಂಗಡಿಯವರು ಹೊಸ ಗೀಸರನ್ನೇ ತೆಗೆದುಕೊಳ್ಳಿ ಎಂದಿದ್ದರು. ಇವನು ಎಂಸಿಬಿ ಇಳಿಸಿ, ನೀರು ಬಸಿದು, ಕೆಳಗಿನ ಮುಚ್ಚಳ ಬಿಚ್ಚಿದ. ಬಿಚ್ಚುವ ಮುಂಚೆ ಫೋಟೋ ತೆಗೆದುಕೋ ಎಂದು ನಾನು ಮಿನ್ನಿಯಾಪೊಲಿಸ್‌ನ ವಿದ್ಯೆ ಹೇಳಿದೆ. “ನಿಮ್ಮ ಮಾತು ಕೇಳ್ತೀನಿ ಟೀಚರ್” ಎಂದು ನಕ್ಕು ಮೊಬೈಲು ತೆಗೆದ.

ನಮ್ಮ ಬೋರ್‌ವೆಲ್ಲಿನ ಗಡಸು ನೀರು ಹದಿನೇಳು ವರ್ಷದಲ್ಲಿ ಮಾಡಿದ್ದನ್ನು ಅಂದು ಕಣ್ಣಾರೆ ಕಂಡೆ. ಎಲಿಮೆಂಟಿನ ಮೇಲೆ ತತ್ತಿಯ ಸಿಪ್ಪೆಯಂಥ ಬಿಳಿ ಪದರ, ಒಂದೊಂದು ಕಡೆ ಬೆರಳಿನಷ್ಟು ದಪ್ಪ. ಥರ್ಮೋಸ್ಟಾಟಿನ ಸರಳು ಕೂರುವ ಕೊಳವೆಗೂ ಅದೇ ಕವಚ. ನೀರು ಕುದಿಯುತ್ತಿದ್ದರೂ ಅದರ ಬಿಸಿ ಒಳಗಿನ ಸರಳಿಗೆ ಹೊತ್ತಿಗೆ ಸರಿಯಾಗಿ ಮುಟ್ಟುತ್ತಿರಲಿಲ್ಲ. ಮೇಲಾಗಿ ಒಳಗಿನ ಬೆಳ್ಳಿಚುಕ್ಕೆಗಳು ಸುಟ್ಟು ಒಂದಕ್ಕೊಂದು ಅಂಟಿಕೊಂಡಿದ್ದವು. ಕೂಡಿಸಿದ್ದನ್ನು ಬಿಡಿಸಲು ಅದಕ್ಕೆ ಆಗುತ್ತಿರಲಿಲ್ಲ. ಇವನು ಅದೇ ಅಳತೆಯ ಹೊಸ ಥರ್ಮೋಸ್ಟಾಟ್, ಹೊಸ ಎಲಿಮೆಂಟು ತಂದ.

“ಮಗ ಕಳಿಸಿದ ಡಬ್ಬಿ ಇದರ ಬದಲಿಗೆ ಹಾಕೋದಲ್ಲೇನು?” ಎಂದು ಕೇಳಿದೆ.

“ಅಲ್ರಿ ಟೀಚರ್. ಆ ಡಬ್ಬಿಗಿ ನೀರ್ ಎಷ್ಟು ಕಾದಾವ ಅಂಬೋದೇ ಗೊತ್ತಾಗಂಗಿಲ್ಲ. ಅದು ಬರೀ ಫೋನಿನ ಮಾತ್ ಕೇಳಿ ಚಾಲೂ ಬಂದ್ ಮಾಡ್ತದ. ನೀರ್ ಕಾಯೋದು ನೋಡಕೋತ ಇರೋದು ಈ ಸರಳೇ. ಇದನ್ನ ತೆಗೆದು ಅದನ್ನ ಹಚ್ಚಿದ್ರ ಗೀಸರ್ ಬಾಂಬೇ ಆಗ್ತದ” ಎಂದ. ಕೆಲವರು ಥರ್ಮೋಸ್ಟಾಟ್ ಕೆಟ್ಟಾಗ ಎರಡು ವೈರು ನೇರವಾಗಿ ಕೂಡಿಸಿಬಿಡುತ್ತಾರಂತೆ, ‘ಡೈರೆಕ್ಟ್’ ಎಂದು ಅದಕ್ಕೆ ಹೆಸರು. ಯಾರಾದರೂ ನಿಮ್ಮ ಮನೆಯಲ್ಲಿ ಹಾಗೆ ಮಾಡಿದ್ದರೆ ಇಂದೇ ತೆಗೆಸಿರಿ.

ನಮ್ಮ ಗೀಸರ್ ಎರಡು ಸಾವಿರ ವ್ಯಾಟಿನದು, ಸುಮಾರು ಒಂಬತ್ತು ಆಂಪಿಯರ್ ಎಳೆಯುತ್ತದೆ. ಮಗನ ಡಬ್ಬಿ 16 ಆಂಪಿಯರ್ ಹೊರುವಂಥದ್ದೇ, ಅದು ಸರಿಯಿತ್ತು. ಆದರೆ ಬಚ್ಚಲ ಹೊರಗಿನ ಸ್ವಿಚ್ಚಿನ ಪೆಟ್ಟಿಗೆ ಬಿಚ್ಚಿದಾಗ ಅಲ್ಲಿ ಬರುವ ಫೇಸ್, ಹೋಗುವ ಫೇಸ್ ಎರಡೇ ವೈರು. ನ್ಯೂಟ್ರಲ್ ಒಳಗಿನ ಪ್ಲಗ್ಗಿಗೆ ನೇರವಾಗಿ ಹೋಗಿತ್ತು. ಮಿನ್ನಿಯಾಪೊಲಿಸ್‌ನ ಸಿ ವೈರಿನ ಕಥೆಯೇ ಇಲ್ಲೂ! ಸದಾ ಎಚ್ಚರವಾಗಿರುವ ಡಬ್ಬಿಗೆ ನ್ಯೂಟ್ರಲ್ ಬೇಕು. ಅವನು ಪೈಪಿನೊಳಗಿಂದ ಒಂದು ಕಪ್ಪು ವೈರು ಎಳೆದ. ಹಾಗೆ ಎಳೆಯುವಾಗ ಅವನ ಕೈಗೆ ಇನ್ನೊಂದು ಸಿಕ್ಕಿತು.

ಹೋಲ್ಡರಿಗೆ ಎರಡು ವೈರು ಕಟ್ಟಿದ ಬಲ್ಬೊಂದು ಅವನ ಚೀಲದಲ್ಲಿತ್ತು. ಕರೆಂಟು ಹಾಕಿ ಅದನ್ನು ಫೇಸಿಗೂ ನ್ಯೂಟ್ರಲ್ಲಿಗೂ ಹಿಡಿದ, ಬಲ್ಬು ಹತ್ತಿತು. ಫೇಸಿಗೂ ಮೂರನೆಯ ದೊಡ್ಡ ಪಿನ್ನಿಗೂ ಹಿಡಿದ. ಹತ್ತಲಿಲ್ಲ.

“ಟೀಚರ್, ಇದರಾಗ ಅರ್ಥೇ ಇಲ್ರಿ. ಹಸಿರು ವೈರ್ ತಂದು ಮೀಟರ್ ಬೋರ್ಡಿನ್ಯಾಗ ಮಡಚಿ ಇಟ್ಟಾರ, ಅಷ್ಟೇ.”

ಮನೆ ಕಟ್ಟಿದ ಗುತ್ತಿಗೆದಾರ ಅರ್ಥಿಂಗಿಗೆಂದು ಹಣ ತೆಗೆದುಕೊಂಡಿದ್ದ. ಹಸಿರು ವೈರನ್ನೂ ಹಾಕಿದ್ದ. ಅದರ ಕೊನೆಯನ್ನು ನೆಲಕ್ಕೆ ಮುಟ್ಟಿಸುವ ಕೆಲಸವೊಂದನ್ನು ಬಿಟ್ಟಿದ್ದ. ನನ್ನ ಮಕ್ಕಳು ಆ ಬಚ್ಚಲಲ್ಲಿ ಮೈ ತೊಳೆದು ಶಾಲೆಗೆ ಹೋದ ವರ್ಷಗಳನ್ನೆಲ್ಲ ನಾನು ಒಂದು ಕ್ಷಣ ಎಣಿಸಿದೆ. ಎಲಿಮೆಂಟು ಒಡೆದು ಕರೆಂಟು ನೀರಿಗೆ ಇಳಿಯಲಿಲ್ಲ, ಅಷ್ಟೇ ನಮ್ಮ ಪುಣ್ಯ.

ಇಲ್ಲಿ ನಾನು ಒಂದು ಹಳೆಯ ಸಂಗತಿ ಹೇಳಲೇಬೇಕು. ನೌಕರಿಯ ಮೊದಲ ವರ್ಷಗಳಲ್ಲಿ ನಾನು ಔರಾದ ತಾಲ್ಲೂಕಿನ ಒಂದು ಹಳ್ಳಿಯಲ್ಲಿದ್ದೆ. ಏಳನೆಯ ತರಗತಿಯ ಒಬ್ಬ ಹುಡುಗಿ, ಎಂದೂ ಶಾಲೆ ತಪ್ಪಿಸದವಳು, ಒಂದು ಜನವರಿಯಲ್ಲಿ ಎರಡು ವಾರ ಬರಲಿಲ್ಲ. ಆಗ ನಮ್ಮ ಹಳ್ಳಿಗಳಿಗೆ ನೀರು ಕಾಯಿಸುವ ರಾಡು ಹೊಸದಾಗಿ ಬಂದಿತ್ತು. ಬಕೆಟ್ಟಿನಲ್ಲಿ ಇಳಿಬಿಟ್ಟು ಸ್ವಿಚ್ ಹಾಕಿದರೆ ಸಾಕು, ಕಟ್ಟಿಗೆ ಬೇಡ, ಹೊಗೆ ಬೇಡ. ತಗಡಿನ ಬಕೆಟ್ಟು, ಎರಡು ಪಿನ್ನಿನ ಪ್ಲಗ್ಗು, ಒದ್ದೆ ನೆಲ. ಆ ಹುಡುಗಿಯ ತಾಯಿ, ನೀರು ಕಾದವೇನು ಎಂದು, ಸ್ವಿಚ್ ಆರಿಸದೆ ನಾಲ್ಕು ಬೆರಳು ಅದ್ದಿ ನೋಡಿದ್ದಳು.

ಹುಡುಗಿ ಮರಳಿ ಶಾಲೆಗೆ ಬಂದ ದಿನ ಅವಳ ಬೈತಲೆ ಸೊಟ್ಟಗಿತ್ತು, ಎರಡು ಜಡೆ ಒಂದು ಮೇಲೆ ಒಂದು ಕೆಳಗೆ. ತಂದೆ ಹಾಕಿದ ಜಡೆ ಅದು. ಮಧ್ಯಾಹ್ನದ ಬಿಡುವಿನಲ್ಲಿ ನಾನು ಅವಳನ್ನು ಸ್ಟಾಫ್ ರೂಮಿಗೆ ಕರೆದು ಜಡೆ ಬಿಚ್ಚಿ ಹೊಸದಾಗಿ ಹಾಕಿದೆ. ಇಬ್ಬರೂ ಒಂದು ಮಾತೂ ಆಡಲಿಲ್ಲ.

ಆ ತಾಯಿಯ ಕೈ ಮಾಡಿದ್ದು ತಲೆತಲಾಂತರದ ಕೆಲಸವನ್ನೇ. ಹಂಡೆಯ ನೀರಿನಲ್ಲಿ ಅದ್ದಿದ ಅದೇ ಬೆರಳು, ಅದೇ ರೀತಿ. ಒಲೆ ಬದಲಾಗಿತ್ತು, ಕೈಗೆ ಅದನ್ನು ಯಾರೂ ತಿಳಿಸಿ ಹೇಳಿರಲಿಲ್ಲ. ರಾಡು ಮಾರಿದವನೂ ಹೇಳಲಿಲ್ಲ, ತಂದುಕೊಟ್ಟ ಗಂಡನೂ ಹೇಳಲಿಲ್ಲ. ನಮ್ಮ ಮನೆಗಳಿಗೆ ಹೊಸ ವಸ್ತು ಬರುವಾಗ ಅದರ ಬೆಲೆ, ಬಣ್ಣ, ಗ್ಯಾರಂಟಿಯ ವರ್ಷ ಎಲ್ಲ ತಿಳಿದುಕೊಳ್ಳುವವರು ಗಂಡಸರು. ಒದ್ದೆ ಕೈಯಲ್ಲಿ ಅದನ್ನು ಮುಟ್ಟುವವರು ನಾವು.

ಹಾಗಾಗಿ ಮಗನ ಡಬ್ಬಿಯನ್ನು ಅಂದು ಹಚ್ಚಲು ನಾನು ಒಪ್ಪಲಿಲ್ಲ. ಮೊದಲು ನೆಲ, ಆಮೇಲೆ ಫೋನು ಎಂದೆ.

ಬೀದರಿನ ನೆಲ ಅಷ್ಟು ಸುಲಭದ್ದಲ್ಲ. ನಮ್ಮ ಕೆಂಪುಕಲ್ಲು ನೀರನ್ನು ಹಿಡಿದಿಡುವುದಿಲ್ಲ, ಸೋಸಿ ಕೆಳಗೆ ಬಿಡುತ್ತದೆ. ಅದರ ಕೆಳಗಿನ ಕಪ್ಪು ಬಂಡೆಯ ಮೇಲೆ ನೀರು ನಿಲ್ಲುತ್ತದೆ. ಇದನ್ನು ಬಲ್ಲ ಹಳಬರು ನೌಬಾದಿನ ಬಳಿ ಕೆಂಪುಕಲ್ಲಿನಡಿ ಸುರಂಗ ತೋಡಿ ಕರೇಜ್ ಕಾಲುವೆ ಮಾಡಿ ಊರಿಗೆ ನೀರು ತಂದಿದ್ದರು. ಒಣ ಮುರುಮು ಕರೆಂಟನ್ನೂ ಸಲೀಸಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅಂಗಳದಲ್ಲಿ ಆಳಕ್ಕೆ ಕೊರೆಸಿ, ಕಬ್ಬಿಣದ ಪೈಪು ಇಳಿಸಿ, ಸುತ್ತಲೂ ಇದ್ದಿಲು ಉಪ್ಪು ತುಂಬಿ, ಮೇಲೆ ನೀರು ಹಾಕಲು ಸಣ್ಣ ಗುಂಡಿ ಬಿಟ್ಟ. ಬೇಸಿಗೆಯಲ್ಲಿ ವಾರಕ್ಕೊಂದು ಕೊಡ ನೀರು ಅದಕ್ಕೂ ಹಾಕಬೇಕು. ತುಳಸಿಕಟ್ಟೆಯ ಪಕ್ಕದಲ್ಲೇ ಇರುವುದರಿಂದ ಅತ್ತೆಯವರು ಆ ಕೆಲಸ ತಮ್ಮದೆಂದರು. ಜೊತೆಗೆ ಮೀಟರ್ ಬೋರ್ಡಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿದೆ. ಹೋದ ಕರೆಂಟು, ಮರಳಿದ ಕರೆಂಟು ಎರಡನ್ನೂ ಅದು ತೂಗಿ ನೋಡುತ್ತಿರುತ್ತದೆ. ನಡುವೆ ಯಾರದಾದರೂ ಮೈಯೊಳಗಿಂದ ಒಂದಿಷ್ಟು ಸೋರಿದರೂ ಕ್ಷಣದಲ್ಲಿ ಮನೆಯ ಕರೆಂಟು ಕಡಿದುಬಿಡುತ್ತದೆ. ನಮ್ಮವರು ಬಿಲ್ಲು ನೋಡಿ ಹುಬ್ಬೇರಿಸಿದರು. ಹೊಸ ಗೀಸರಿಗಿಂತ ಹೆಚ್ಚೇ ಆಗಿತ್ತು, ನಿಜ.

ಆಮೇಲೆ ಡಬ್ಬಿ ಕೂತಿತು. ನಸುಕಿನ 4.40ಕ್ಕೆ ತಾನೇ ಚಾಲೂ, 5.10ಕ್ಕೆ ತಾನೇ ಬಂದ್. ಹದಿನೈದು ಲೀಟರ್ ನೀರನ್ನು 20 ಡಿಗ್ರಿಯಿಂದ 60ಕ್ಕೆ ಏರಿಸಲು ಹೆಚ್ಚುಕಡಿಮೆ ಮುಕ್ಕಾಲು ಯೂನಿಟ್ ಕರೆಂಟು, ಇಪ್ಪತ್ತು–ಇಪ್ಪತ್ತೈದು ನಿಮಿಷ ಬೇಕು. 2023ರಲ್ಲಿ ಗೃಹಜ್ಯೋತಿ ಬಂದಮೇಲೆ ಯೂನಿಟ್ಟುಗಳ ಲೆಕ್ಕ ನಮ್ಮ ಓಣಿಯ ಎಲ್ಲ ಹೆಂಗಸರಿಗೂ ಬಾಯಿಪಾಠವಾಗಿದೆ. ಡಬ್ಬಿಯೂ ಆ ಲೆಕ್ಕ ತೋರಿಸುತ್ತದೆ. ಮೂವತ್ತು ವರ್ಷದ ಮೇಲೆ ನಾನು ಐದು ಗಂಟೆಯವರೆಗೆ ಮಲಗಿದೆ. ಈ ಸುಖವನ್ನು ನಾನು ಅಲ್ಲಗಳೆಯುವುದಿಲ್ಲ. ಯಂತ್ರವನ್ನು ಬೈಯುವುದು ನಮ್ಮಂಥ ವಯಸ್ಸಿನವರಿಗೆ ಚಟವಾಗಿರುತ್ತದೆ, ನನಗಂತೂ ಆ ಚಟ ಇಲ್ಲ.

ಎಂಟು–ಹತ್ತು ದಿನ ಹೀಗೆ ನಡೆಯಿತು. ಒಂದು ಬೆಳಿಗ್ಗೆ ಅತ್ತೆಯವರು ಜಳಕಕ್ಕೆ ಹೋಗಿ ಬಾಗಿಲು ಹಾಕಿಕೊಂಡಿದ್ದಾರೆ. ನಮ್ಮ ಮನೆಯಲ್ಲಿ ಮೊದಲಿನಿಂದಲೂ ಒಂದು ಕಟ್ಟುನಿಟ್ಟು: ಒಳಗೆ ಮನುಷ್ಯರಿದ್ದಾಗ ಗೀಸರ್ ಚಾಲೂ ಇರಕೂಡದು. ಔರಾದದ ಆ ಹುಡುಗಿಯ ಜಡೆ ಹಾಕಿದ ದಿನದಿಂದ ನಾನು ಮಾಡಿಕೊಂಡ ನಿಯಮ. ಅಡುಗೆಮನೆಗೆ ಹೊರಟ ನನ್ನ ಕಣ್ಣಿಗೆ ಬಚ್ಚಲ ಹೊರಗಿನ ಕೆಂಪು ದೀಪ ಬಿತ್ತು. ಆರಿದ್ದ ದೀಪ ನೋಡುನೋಡುತ್ತಿದ್ದಂತೆ ಹತ್ತಿಕೊಂಡಿತು. ಅಲ್ಲಿ ಯಾರೂ ಇರಲಿಲ್ಲ.

ಆರಿಸಿ ಮಗನಿಗೆ ಫೋನು ಮಾಡಿದೆ.

“ಹೌದು ಮಮ್ಮಿ, ನಾನೇ ಹಾಕ್ದೆ. ಭಾಳ ಥಂಡಿ ಅದಾ ಅಂತ ಮೊಬೈಲ್‌ನ್ಯಾಗ ನೋಡ್ದೆ. ಆಯಿಗಿ ನೀರ್ ಕಮ್ಮಿ ಬಿದ್ದಾವು ಅಂತ ಇನ್ನೊಂದು ಹತ್ತು ಮಿನಿಟ್ ಹಾಕ್ದೆ.”

ಪ್ರೀತಿಯಿಂದ ಹಾಕಿದ್ದ. ನಸುಕಿನಲ್ಲಿ ಎದ್ದು ಅಜ್ಜಿಯ ನೀರಿನ ಚಿಂತೆ ಮಾಡುವ ಮೊಮ್ಮಕ್ಕಳು ಎಷ್ಟು ಮನೆಯಲ್ಲಿದ್ದಾರೆ? ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಆದರೆ ಹೇಳಬೇಕಾದ್ದನ್ನು ಹೇಳಿದೆ. ಆಯಿ ಒಳಗಿದ್ದಾರೋ ಹೊರಗಿದ್ದಾರೋ ಪುಣೆಯಲ್ಲಿ ಕೂತವನಿಗೆ ಕಾಣುವುದಿಲ್ಲ. ಅವರ ಕೈ ಆ ಹೊತ್ತಿಗೆ ನಲ್ಲಿಯ ಮೇಲಿದೆಯೋ ಸೋಪಿನ ಮೇಲಿದೆಯೋ ಕಾಣುವುದಿಲ್ಲ. ಅರ್ಥಿಂಗ್ ಇದೆ, ಆರ್‌ಸಿಸಿಬಿ ಇದೆ, ಎಲ್ಲ ಸರಿ. ಯಂತ್ರಗಳು ಕೆಡುತ್ತವೆ ಎಂಬುದನ್ನು ನಾವು ಈ ತಿಂಗಳೇ ನೋಡಿಲ್ಲವೆ? ಅವ್ವ ಒಲೆಯ ಮುಂದೆ ಕೂತು ಕಟ್ಟಿಗೆ ಸರಿಸುವಾಗ ಹಂಡೆಯೂ ಕಣ್ಣೆದುರಿಗೆ, ಮೈ ತೊಳೆಯುವವರ ಸಪ್ಪಳವೂ ಕಿವಿಗೆ. ನಾನೂರು ಕಿಲೋಮೀಟರ್ ಆಚೆಯಿಂದ ಬೆಂಕಿ ಹಚ್ಚುವವನಿಗೆ ಅದೆರಡೂ ಇಲ್ಲ.

“ಮತ್ತ ಸ್ಮಾರ್ಟ್ ಮಾಡಿ ಯಾನ್ ಉಪಯೋಗ ಆಯ್ತು?” ಎಂದ. ದನಿಯಲ್ಲಿ ಬೇಸರವಿತ್ತು.

ಅದಕ್ಕೂ ಉತ್ತರ ಇತ್ತು. ಗಡಿಯಾರ ನೋಡಿ ಕಾಯಿಸುವುದು ಅದರ ಕೆಲಸ, ಅದನ್ನು ಮಾಡಲಿ. ಆದರೆ ಅದರ ಖಾತೆ ನನ್ನ ಮೊಬೈಲಿನಲ್ಲಿರಲಿ, ಈ ಮನೆಯಲ್ಲಿ ಇರುವವರ ಕೈಯಲ್ಲಿರಲಿ ಎಂದೆ. ಎರಡು ದಿನ ಅವನು ಫೋನು ಮಾಡಲಿಲ್ಲ. ಮೂರನೆಯ ದಿನ ತಾನೇ ತನ್ನ ಮೊಬೈಲಿನಿಂದ ಅದನ್ನು ಅಳಿಸಿ, ನನ್ನದರಲ್ಲಿ ಹೊಸದಾಗಿ ಹೇಗೆ ಕೂಡಿಸಬೇಕೆಂದು ಹೆಜ್ಜೆಹೆಜ್ಜೆಯಾಗಿ ಹೇಳಿಕೊಟ್ಟ. ಈಗ ಬೆಳಿಗ್ಗೆ ಐದೂವರೆಗೆ ಡಬ್ಬಿಯ ಬದಲು ನನಗೇ ಫೋನು ಮಾಡುತ್ತಾನೆ. “ಆಯಿದು ಜಳಕ ಆಯ್ತಾ?” ಎನ್ನುತ್ತಾನೆ. ಅತ್ತೆಯವರಿಗೆ ಇದು ಬಹಳ ಇಷ್ಟ. ನೀರು ಕಾಯುವ ವಿಷಯ ಬಿಟ್ಟು ಬೇರೆಲ್ಲ ಮಾತಾಡುತ್ತಾರೆ.

ಸಂಕ್ರಾಂತಿಯ ರಜೆಗೆ ನಾನು ಔರಾದಕ್ಕೆ ಹೋದೆ, ಎಲೆಕ್ಟ್ರಿಷಿಯನ್ ಹುಡುಗನನ್ನೂ ಕರೆದುಕೊಂಡು. ಮಿನ್ನಿಯಾಪೊಲಿಸ್‌ನಲ್ಲಿ ಮಗಳು ಗೋಡೆಯ ಮೇಲಿನ ಗಾಜಿಗೆ ಬೆರಳು ತಾಗಿಸಿ ಮನೆಯನ್ನೆಲ್ಲ ಬೆಚ್ಚಗೆ ಮಾಡಿಕೊಳ್ಳುತ್ತಾಳೆ; ಅವಳ ತಾಯಿ ಇಲ್ಲಿ ಇನ್ನೂ ಬಕೆಟ್ಟಿನಲ್ಲಿ ರಾಡು ಇಳಿಬಿಡುತ್ತಿದ್ದಳು. “ಪ್ಲಾಸ್ಟಿಕ್ ಬಕೆಟ್ ಅದಾ ಅಕ್ಕಾ, ಯಾನೂ ಆಗಂಗಿಲ್ಲ” ಎನ್ನುವುದು ಅವಳ ಧೈರ್ಯ. ಬಕೆಟ್ಟು ಪ್ಲಾಸ್ಟಿಕ್ಕಾದರೂ ನೀರು ನೀರೇ ಎಂದು ಎಷ್ಟೋ ಸಲ ಹೇಳಿದ್ದೆ. ಆ ಹಳ್ಳಿಯ ಹುಡುಗಿಯ ಸಂಗತಿಯನ್ನು ಮಾತ್ರ ಹೇಳಿರಲಿಲ್ಲ. ಅಂದು ಅಡುಗೆಮನೆಯಲ್ಲಿ ಎಳ್ಳು ಹುರಿಯುತ್ತ ಕೂತಾಗ ಹೇಳಿದೆ. ಅವಳು ಕೈ ನಿಲ್ಲಿಸಿ ಕೇಳಿದಳು. ಎಳ್ಳು ಸ್ವಲ್ಪ ಸೀದವು.

ಔರಾದದ್ದು ಎರೆ ಭೂಮಿ, ಕಪ್ಪು ಮಣ್ಣು. ಮಳೆಗಾಲದ ತೇವ ಸಂಕ್ರಾಂತಿಯವರೆಗೂ ಅದರ ಹೊಟ್ಟೆಯಲ್ಲಿರುತ್ತದೆ. ಬೀದರಿನಲ್ಲಿ ಯಂತ್ರ ತಂದು ಕೊರೆದ ಕೆಲಸವನ್ನು ಇಲ್ಲಿ ತಮ್ಮನೂ ಹುಡುಗನೂ ಸಲಿಕೆ ಹಾರೆ ಹಿಡಿದು ಮಧ್ಯಾಹ್ನದೊಳಗೆ ಮುಗಿಸಿದರು. ಬಲ್ಬಿನ ಒಂದು ತುದಿ ಫೇಸಿಗೆ, ಒಂದು ತುದಿ ನೆಲದ ಪೈಪಿಗೆ. ಮೊದಲ ಸಲಕ್ಕೇ ಝಗ್ಗನೆ ಹತ್ತಿತು. ಮಕ್ಕಳು ಚಪ್ಪಾಳೆ ತಟ್ಟಿದವು. ತಮ್ಮನು ಬೀದರಿನಿಂದ ತಂದ ಹತ್ತು ಲೀಟರಿನ ಗೀಸರ್ ಸಂಜೆಗೆ ಗೋಡೆಯೇರಿತು. ಅದಕ್ಕೆ ವೈಫೈ ಇಲ್ಲ, ಡಬ್ಬಿ ಇಲ್ಲ, ಕೆಳಗೊಂದು ಗುಂಡಿ ಅಷ್ಟೇ.

ತಮ್ಮನ ಹೆಂಡತಿ ರಾಡನ್ನು ಒರೆಸಿ, ವೈರು ಸುತ್ತಿ ಅಟ್ಟಕ್ಕೆ ಹಾಕಲು ಹೊರಟಳು. ಕರೆಂಟು ಇಲ್ಲದಾಗ ಬೇಕಾಗಬಹುದು ಎಂದಳು. ಮರುಗಳಿಗೆ ತನ್ನ ಮಾತಿಗೆ ತಾನೇ ನಕ್ಕಳು. ನಾನು ಅದನ್ನು ಅವಳ ಕೈಯಿಂದ ಇಸಿದುಕೊಂಡು, ಹುಡುಗನ ಕಟರ್ ಕೇಳಿ ವೈರನ್ನು ಬುಡಕ್ಕೆ ಕತ್ತರಿಸಿ, ಎರಡೂ ತುಂಡುಗಳನ್ನು ಬ್ಯಾಗಿನಲ್ಲಿ ಹಾಕಿಕೊಂಡು ಬೀದರಿನ ಬಸ್ಸು ಹತ್ತಿದೆ.